ಸೆರೆಂಗೆಟಿ–ಮಾರಾ ವಲಸೆ: ದಸರಾ ರಜೆಯಲ್ಲಿ ಹೋಗುವುದೇ, ಫೆಬ್ರವರಿಯವರೆಗೆ ಕಾಯುವುದೇ?

ಪ್ರಶ್ನೆ – ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಪೂರ್ವ ಆಫ್ರಿಕಾದ ಬಯಲುಗಳಲ್ಲಿ ನಡೆಯುವ ವೈಲ್ಡ್‌ಬೀಸ್ಟ್‌ಗಳ (ದನದಂತೆ ಕಾಣುವ ದೊಡ್ಡ ಹುಲ್ಲೆಗಳ) ವಲಸೆಯನ್ನು ಕುಟುಂಬಸಮೇತ ನೋಡಬೇಕೆಂಬುದು ನಮ್ಮ ಬಹುಕಾಲದ ಆಸೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಅಂಚಿಗೆ ಆನೆಗಳು ಬಂದು ಸೇರುವುದನ್ನು ನೋಡುತ್ತಲೇ ನನ್ನ ತಂದೆಯವರಿಗೆ ಈ ಹಂಬಲ ಹುಟ್ಟಿತು. ಮಗಳಿಗೆ ದಸರಾ ರಜೆ ಇರುವ ಅಕ್ಟೋಬರ್ ನಮಗೆ ಅನುಕೂಲ. ಆದರೆ ವಲಸೆ ಜುಲೈ, ಆಗಸ್ಟ್ ತಿಂಗಳುಗಳಲ್ಲಷ್ಟೇ ಇರುತ್ತದೆ, ಅಕ್ಟೋಬರಿಗೆ ಎಲ್ಲ ಮುಗಿದಿರುತ್ತದೆ ಎಂದು ಕೆಲವರು ಹೇಳಿದರೆ, ಫೆಬ್ರವರಿಯಲ್ಲಿ ಅವು ಕರು ಹಾಕುವ ಕಾಲವನ್ನೇ ನೋಡಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ತಂದೆಯವರಿಗೆ ಎಪ್ಪತ್ತು ದಾಟಿದೆ, ಸೊಂಟನೋವೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ – ಅರುಷಾದಲ್ಲಿ ನೆಲೆಸಿರುವ ಕನ್ನಡಿಗ

ಈ ವಲಸೆಗೆ ಆರಂಭದ ದಿನವೂ ಇಲ್ಲ, ಮುಗಿಯುವ ದಿನವೂ ಇಲ್ಲ. ಹತ್ತು ಲಕ್ಷಕ್ಕೂ ಮಿಕ್ಕಿವೆಯೆಂದು ಬಹುಕಾಲದಿಂದ ಅಂದಾಜು ಮಾಡಲಾಗಿರುವ ವೈಲ್ಡ್‌ಬೀಸ್ಟ್‌ಗಳು, ಅವುಗಳೊಡನೆ ಲಕ್ಷಗಟ್ಟಲೆ ಜೀಬ್ರಾಗಳು ಮತ್ತು ಥಾಮ್ಸನ್ ಗೆಜೆಲ್‌ಗಳು, ಟಾಂಜಾನಿಯಾದ ಸೆರೆಂಗೆಟಿಗೂ ಕೀನ್ಯಾದ ಮಸಾಯಿ ಮಾರಾಕ್ಕೂ ಹಬ್ಬಿರುವ ಬಯಲಿನಲ್ಲಿ ಮಳೆಯ ಬೆನ್ನು ಹಿಡಿದು ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ತಾವು ಹೋಗುವ ತಿಂಗಳಲ್ಲಿ ಹಿಂಡು ಯಾವ ಭಾಗದಲ್ಲಿರುತ್ತದೆ ಎಂಬುದನ್ನು ನೋಡಿಕೊಂಡು ವಾಸ್ತವ್ಯದ ಜಾಗವನ್ನು ಗೊತ್ತುಮಾಡಬೇಕು, ಅಷ್ಟೇ.

ಈ ಸುತ್ತಾಟದ ಕಾರಣ ಮಣ್ಣಿನಲ್ಲಿದೆ. ಎನ್‌ಗೊರೊಂಗೊರೊ ಎತ್ತರ ಪ್ರದೇಶದ ಅಗ್ನಿಪರ್ವತಗಳು ಉಗುಳಿದ ಬೂದಿ ದಕ್ಷಿಣದ ಬಯಲಿನಲ್ಲಿ ಹರಡಿಕೊಂಡಿದೆ. ಮೇಲ್ಮಣ್ಣಿನ ಕೆಳಗೆ ಗಟ್ಟಿಯಾದ ಪದರವಿರುವುದರಿಂದ ಅಲ್ಲಿ ಮರಗಳು ಬೇರು ಬಿಡಲಾರವು, ಗಿಡ್ಡ ಹುಲ್ಲು ಮಾತ್ರ ಬೆಳೆಯುತ್ತದೆ; ಆದರೆ ಹಾಲೂಡುವ ತಾಯಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ರಂಜಕ ಆ ಹುಲ್ಲಿನಲ್ಲಿ ಹೇರಳವಾಗಿವೆ. ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಆ ಬಯಲಿನ ನ್ಡುಟು ಎಂಬ ಜಾಗದ ಸುತ್ತಮುತ್ತ ಕೆಲವೇ ವಾರಗಳೊಳಗೆ ಬಹುಪಾಲು ಹೆಣ್ಣು ವೈಲ್ಡ್‌ಬೀಸ್ಟ್‌ಗಳು ಈಯುತ್ತವೆ. ಮೈ ಇನ್ನೂ ಒದ್ದೆಯಿರುವಾಗಲೇ ಕರು ಮುಂಗಾಲು ಮಡಿಸಿ ಎದ್ದು, ಮುಗ್ಗರಿಸಿ, ಮತ್ತೆ ಎದ್ದು ಕೆಲವೇ ನಿಮಿಷಗಳಲ್ಲಿ ತಾಯಿಯ ಪಕ್ಕದಲ್ಲಿ ನಡೆಯತೊಡಗುತ್ತದೆ. ಎಲ್ಲವೂ ಒಟ್ಟಿಗೆ ಈಯುವುದರಿಂದ ಕತ್ತೆಕಿರುಬಗಳೂ ಸಿಂಹಗಳೂ ಎಷ್ಟು ತಿಂದರೂ ಕರುಗಳಲ್ಲಿ ಹೆಚ್ಚಿನವು ಆ ಮೊದಲ ವಾರಗಳನ್ನು ದಾಟಿಬಿಡುತ್ತವೆ.

ಮಳೆ ನಿಂತೊಡನೆ ಆ ಬಯಲು ಒಣಗಿಹೋಗುತ್ತದೆ. ಮೇ, ಜೂನ್ ಹೊತ್ತಿಗೆ ಹಿಂಡುಗಳು ವಾಯವ್ಯಕ್ಕೆ ತಿರುಗಿ ಗ್ರುಮೆಟಿ ನದಿಯ ಕಡೆಗೆ ಹೋಗುತ್ತವೆ. ಜುಲೈ ವೇಳೆಗೆ ಉತ್ತರಕ್ಕೆ ಏರುತ್ತವೆ. ಉತ್ತರದಲ್ಲಿ ಮಳೆ ಹೆಚ್ಚು, ಬೇಸಗೆಯಲ್ಲೂ ಬತ್ತದ ಮಾರಾ ನದಿಯೂ ಅಲ್ಲೇ ಇದೆ. ನವೆಂಬರ್ ಸುಮಾರಿಗೆ ಸಣ್ಣ ಮಳೆ ಬಿದ್ದು ದಕ್ಷಿಣದಲ್ಲಿ ಹುಲ್ಲು ಚಿಗುರುವವರೆಗೆ ಅವು ಆ ಭಾಗದಲ್ಲೇ ಉಳಿಯುತ್ತವೆ. ಹೀಗಾಗಿ ಅಕ್ಟೋಬರ್ ಮೊದಲ ಭಾಗ ತಮಗೆ ತಡವೇನಲ್ಲ. ಉತ್ತರ ಸೆರೆಂಗೆಟಿಯ ಕೊಗಟೆಂಡೆಯಲ್ಲಿ ಅಥವಾ ಕೀನ್ಯಾದ ಬದಿಯಲ್ಲಿ ಮಸಾಯಿ ಮಾರಾದ ಪಶ್ಚಿಮ ಭಾಗವಾದ ಮಾರಾ ಟ್ರಯಾಂಗಲ್‌ನಲ್ಲಿ ಉಳಿದುಕೊಳ್ಳಿ. ಮಳೆ ಬೇಗ ಬಂದ ವರ್ಷ ಹಿಂಡುಗಳು ಬೇಗ ದಕ್ಷಿಣಕ್ಕೆ ಇಳಿಯುತ್ತವೆ. ಅದನ್ನು ಯಾರೂ ಮೊದಲೇ ಹೇಳಲಾರರು. ಒಂದೇ ಜಾಗದಲ್ಲಿ ನಾಲ್ಕು ರಾತ್ರಿಗಳಾದರೂ ಇರುವಂತೆ ಯೋಜಿಸಿಕೊಳ್ಳುವುದು ಒಳ್ಳೆಯದು. ಎರಡು ದೇಶಗಳಲ್ಲಿ ಆರು ಉದ್ಯಾನಗಳನ್ನು ಓಡೋಡಿ ತೋರಿಸುವ ಪ್ಯಾಕೇಜ್‌ಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಉತ್ತರ – ವನ್ಯಜೀವಿ ಛಾಯಾಗ್ರಹಣದ ಹವ್ಯಾಸಿ, ಬೆಂಗಳೂರು

ಮೇಲಿನ ಉತ್ತರವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನದಿ ದಾಟುವುದನ್ನು ಕುರಿತು ಒಂದೆರಡು ಮಾತು ಸೇರಿಸುವುದು ಅಗತ್ಯವೆನಿಸಿತು, ಏಕೆಂದರೆ ಅಕ್ಟೋಬರ್‌ನಲ್ಲಿ ತಾವು ಕಾಯುವುದು ಅದಕ್ಕಾಗಿಯೇ.

ಹಿಂಡು ದಡಕ್ಕೆ ಬಂದೊಡನೆ ನೀರಿಗೆ ಧುಮುಕುತ್ತದೆ ಎಂದು ಭಾವಿಸಬೇಡಿ. ಮುಂದಿನ ಸಾಲಿನ ಪ್ರಾಣಿ ಕಡಿದಾದ ದಡದ ಅಂಚಿನಲ್ಲಿ ನಿಂತು, ತಲೆ ತಗ್ಗಿಸಿ ನೀರನ್ನು ಮೂಸುತ್ತದೆ. ಹಿಂದಿನವು ಒತ್ತರಿಸುತ್ತವೆ, ಧೂಳು ಏಳುತ್ತದೆ, ಗೊರಗುಟ್ಟುವ ಸದ್ದು ಬಯಲನ್ನೆಲ್ಲ ತುಂಬುತ್ತದೆ. ಅಷ್ಟರಲ್ಲಿ ಯಾವುದೋ ಒಂದು ಜೀಬ್ರಾ ಬೆಚ್ಚಿ ಹಿಂದಕ್ಕೆ ತಿರುಗಿದರೆ ಸಾವಿರಾರು ಪ್ರಾಣಿಗಳೂ ತಿರುಗಿ ಓಡಿಬಿಡುತ್ತವೆ. ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ನಡೆಯುತ್ತದೆ. ನಿನ್ನೆ ಉತ್ತರಕ್ಕೆ ದಾಟಿದ ಹಿಂಡೇ ಇಂದು ದಕ್ಷಿಣಕ್ಕೆ ದಾಟುವುದೂ ಉಂಟು.

ಮೊಸಳೆಯ ಬಾಯಿಗೆ ಸಿಕ್ಕುವುದಕ್ಕಿಂತ ಎಷ್ಟೋ ಹೆಚ್ಚು ಪ್ರಾಣಿಗಳು ಮುಳುಗಿ ಸಾಯುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮಾರಾ ನದಿಯಲ್ಲಿ ಸರಾಸರಿ ವರ್ಷಕ್ಕೆ 6,250 ವೈಲ್ಡ್‌ಬೀಸ್ಟ್‌ಗಳು ಮುಳುಗುತ್ತವೆ. ರಣಹದ್ದುಗಳು, ಮರಬು ಕೊಕ್ಕರೆಗಳು, ಮೀನುಗಳು ಅವುಗಳನ್ನು ತಿನ್ನುತ್ತವೆ. ಉಳಿದ ಮೂಳೆಗಳು ವರ್ಷಗಳ ಕಾಲ ಕರಗುತ್ತಾ ನದಿಗೆ ರಂಜಕವನ್ನು ಒದಗಿಸುತ್ತವೆ. ಮಗಳು ಇದನ್ನು ಕಂಡು ನೊಂದುಕೊಳ್ಳಬಹುದು. ಮೊದಲೇ ತಿಳಿಸಿ ಕರೆದೊಯ್ಯುವುದು ಮೇಲು.

ಪ್ರಾಣಿಗಳು ಇಳಿಯುವ ಜಾಗಕ್ಕೇ ವಾಹನಗಳು ನುಗ್ಗಿ ಸಾಲಾಗಿ ನಿಂತುಬಿಡುವುದನ್ನು ನಾನು ಕಂಡಿದ್ದೇನೆ. ಹಾಗೆ ದಾರಿ ಕಟ್ಟಿದಾಗ ಹಿಂಡು ಇನ್ನೂ ಕಡಿದಾದ ಕಡೆಯಿಂದ ಇಳಿದು ಕಾಲು ಮುರಿದುಕೊಳ್ಳುತ್ತದೆ, ತಾಯಿ ಒಂದು ದಡದಲ್ಲಿ, ಕರು ಇನ್ನೊಂದು ದಡದಲ್ಲಿ ಉಳಿದುಬಿಡುತ್ತವೆ. ದಯವಿಟ್ಟು ತಮ್ಮ ಚಾಲಕರಿಗೆ ಬೆಳಿಗ್ಗೆ ಹೊರಡುವಾಗಲೇ ಹೇಳಿಬಿಡಿ: ದೂರದಲ್ಲಿ ನಿಲ್ಲಿಸಿದರೂ ಸರಿ, ಎಂಜಿನ್ ಆರಿಸಿಬಿಡಲಿ, ಚಿತ್ರ ಸಿಗದಿದ್ದರೂ ಚಿಂತೆಯಿಲ್ಲ. ಪ್ರವಾಸಿ ಹೇಳಿದರೆ ಚಾಲಕರಿಗೆ ನೆಮ್ಮದಿ. ಹತ್ತಿರ ಹೋಗದಿದ್ದರೆ ಭಕ್ಷೀಸು ತಪ್ಪೀತೆಂಬ ಅಂಜಿಕೆ ಅವರಿಗಿರುತ್ತದೆ.

ಉತ್ತರ – ವೈದ್ಯೆ, ಹುಬ್ಬಳ್ಳಿ

ತಮ್ಮ ತಂದೆಯವರ ವಯಸ್ಸನ್ನು ನೋಡಿ ಬರೆಯುತ್ತಿದ್ದೇನೆ. ಕೀನ್ಯಾದಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಲೇಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲೇ ಅದನ್ನು ಹಾಕಿಸಬೇಕು. ಅರವತ್ತು ದಾಟಿದವರು ಮೊದಲ ಬಾರಿ ಈ ಲಸಿಕೆ ಪಡೆದಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಕಿರಿಯರಿಗಿಂತ ಹೆಚ್ಚು. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲೇ ಅವರ ವೈದ್ಯರೊಡನೆ ಮಾತನಾಡಿ. ಮಲೇರಿಯಾ ತಡೆಯುವ ಮಾತ್ರೆಗಳ ಬಗ್ಗೆಯೂ ಆಗಲೇ ಕೇಳಿಕೊಳ್ಳಿ. ಸೊಂಟನೋವಿಗೆ ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಮಾರಾಕ್ಕೆ ಹೋಗುವುದೇ ಹಿತ.

ಮರುಪ್ರಶ್ನೆ – ಮೈಸೂರಿನಿಂದ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಲಸಿಕೆಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ವೈದ್ಯರು ಒಪ್ಪಿದರೆ ಕೀನ್ಯಾದ ಬದಿಗೇ ಹೋಗುತ್ತೇವೆ. ಮೀಸಲು ಪ್ರದೇಶದೊಳಗೆ ಉಳಿಯುವುದು ಮೇಲೋ, ಸುತ್ತಲಿನ ಕನ್ಸರ್ವೆನ್ಸಿಗಳಲ್ಲೋ (ಸ್ಥಳೀಯರ ನೆಲದಲ್ಲಿರುವ ವನ್ಯಜೀವಿ ರಕ್ಷಣಾ ಪ್ರದೇಶಗಳಲ್ಲೋ)?

ಉತ್ತರ – ಅರುಷಾದಲ್ಲಿ ನೆಲೆಸಿರುವ ಕನ್ನಡಿಗ

ನದಿ ದಾಟುವುದನ್ನು ನೋಡಲು ಎರಡು ರಾತ್ರಿ ಮಾರಾ ಟ್ರಯಾಂಗಲ್‌ನಲ್ಲಿ, ಉಳಿದ ಎರಡನ್ನು ನಬೊಯಿಶೊ ಅಥವಾ ಮಾರಾ ನಾರ್ತ್‌ನಂತಹ ಕನ್ಸರ್ವೆನ್ಸಿಯಲ್ಲಿ ಕಳೆಯಿರಿ. ನಾಲ್ಕು ರಾತ್ರಿ ಒಂದೇ ಕಡೆ ಎಂದು ಮೊದಲು ಬರೆದಿದ್ದೆ. ಇವೆರಡೂ ಒಂದೇ ಬಯಲಿನ ಭಾಗಗಳಾದ್ದರಿಂದ ಹೀಗೆ ಹಂಚಿಕೊಂಡರೂ ತೊಂದರೆಯಿಲ್ಲ. ಕನ್ಸರ್ವೆನ್ಸಿಯ ನೆಲ ಮಸಾಯಿ ಕುಟುಂಬಗಳದು. ತಂಗುದಾಣಗಳು ಅವರಿಗೆ ಬಾಡಿಗೆ ಕೊಡುತ್ತವೆ, ಅವರು ಬೇಲಿ ಹಾಕದೆ ನೆಲವನ್ನು ತೆರೆದಿಡುತ್ತಾರೆ, ಒಂದು ಪ್ರಾಣಿಯ ಬಳಿ ಸೇರುವ ವಾಹನಗಳಿಗೂ ಅಲ್ಲಿ ಮಿತಿಯಿದೆ.

ಬೇಲಿಯಿಲ್ಲದ ನೆಲದ ವಿಷಯವನ್ನು ನಾನು ಒತ್ತಿ ಹೇಳಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗ ಎನ್ನುತ್ತಿದ್ದ ಜಾನುವಾರು ಪಿಡುಗು 1890ರ ಸುಮಾರಿಗೆ ಪೂರ್ವ ಆಫ್ರಿಕಾಕ್ಕೆ ಕಾಲಿಟ್ಟು ದನಗಳನ್ನೂ ವೈಲ್ಡ್‌ಬೀಸ್ಟ್‌ಗಳನ್ನೂ ಕೊಂದಿತು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯಲ್ಲಿ ಇದ್ದದ್ದು ಸುಮಾರು ಎರಡೂವರೆ ಲಕ್ಷ ವೈಲ್ಡ್‌ಬೀಸ್ಟ್‌ಗಳು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ರೋಗ ಕಾಡಿನಿಂದಲೂ ಮರೆಯಾಗಿ, 1970ರ ದಶಕದ ಕೊನೆಯ ವೇಳೆಗೆ ಆ ಸಂಖ್ಯೆ ಹದಿಮೂರು ಲಕ್ಷಕ್ಕೆ ಏರಿತು. ರೋಗದಿಂದ ಚೇತರಿಸಿಕೊಂಡ ಪ್ರಾಣಿ ಬೇಲಿಯಿಂದ ಚೇತರಿಸಿಕೊಳ್ಳಲಾರದು: ಮಾರಾದ ಪೂರ್ವಕ್ಕಿರುವ ಲೊಯಿಟಾ ಬಯಲಿನಿಂದ ಪ್ರತಿವರ್ಷ ಬರುತ್ತಿದ್ದ ಇನ್ನೊಂದು ವಲಸೆ ಗೋಧಿ ಹೊಲಗಳು ಮತ್ತು ತಂತಿಬೇಲಿಗಳ ನಡುವೆ ಬಹಳವಾಗಿ ಕುಗ್ಗಿಹೋಗಿದೆ. ತಂಗುದಾಣವನ್ನು ಗೊತ್ತುಮಾಡುವಾಗ ನೆಲದ ಬಾಡಿಗೆ ಯಾರಿಗೆ ಸೇರುತ್ತದೆ ಎಂದು ಬರಹದಲ್ಲೇ ಕೇಳಿ. ಸರಿಯಾಗಿ ನಡೆಸುವವರು ಕೂಡಲೇ ಉತ್ತರಿಸುತ್ತಾರೆ.