ಸಚಿವ ಸ್ಥಾನದಿಂದ ನ್ಯಾಯಪೀಠಕ್ಕೆ: ವಿ. ಆರ್. ಕೃಷ್ಣ ಅಯ್ಯರ್

ಪ್ರಶ್ನೆ: 1957ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರದಲ್ಲಿ ಕಾನೂನು ಮತ್ತು ಗೃಹ ಖಾತೆಗಳನ್ನು ನಿರ್ವಹಿಸಿದ್ದ ಕೃಷ್ಣ ಅಯ್ಯರ್ ಅವರು 1968ರಲ್ಲಿ ಹೈಕೋರ್ಟಿನ, 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದರು. ರಾಜಕೀಯದ ಒಲವು ಅವರ ತೀರ್ಪುಗಳಲ್ಲಿ ಕಾಣಿಸಿಕೊಂಡಿತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಒಲವು ಇದ್ದೇ ಇತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ನಮ್ಮ ಬೆಂಗಳೂರು ಜಲಮಂಡಳಿಯ ಪ್ರಕರಣವನ್ನೇ ನೋಡಿ: 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಪ್ರಧಾನ ತೀರ್ಪು ಬರೆದ ಅವರು, ‘ಉದ್ಯಮ’ದ ವ್ಯಾಪ್ತಿಯನ್ನು ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳವರೆಗೂ ವಿಸ್ತರಿಸಿ, ಅಲ್ಲಿನ ಕೆಳಹಂತದ ನೌಕರರಿಗೂ ಕೈಗಾರಿಕಾ ವಿವಾದ ಕಾಯ್ದೆಯ ರಕ್ಷಣೆ ದೊರಕಿಸಿದರು.

ಉತ್ತರ 2: ಒಲವು ಬೇರೆ, ಪಕ್ಷಪಾತ ಬೇರೆ ಎಂಬುದನ್ನು ಮರೆಯಬಾರದು. ತಮ್ಮ ಲೋಕಸಭಾ ಆಯ್ಕೆಯನ್ನು ರದ್ದುಪಡಿಸಿದ್ದ ಅಲಹಾಬಾದ್ ಹೈಕೋರ್ಟಿನ ತೀರ್ಪಿಗೆ ತಡೆ ಕೋರಿ ಇಂದಿರಾ ಗಾಂಧಿಯವರು ಬಂದಾಗ, ರಜಾಕಾಲದ ನ್ಯಾಯಮೂರ್ತಿಯಾಗಿದ್ದ ಇವರು 1975ರ ಜೂನ್ 24ರಂದು, ಪ್ರಧಾನಿಯಾಗಿ ಮುಂದುವರಿಯಲು ಅವಕಾಶ ಕೊಟ್ಟರೂ, ಲೋಕಸಭೆಯಲ್ಲಿ ಮತ ಹಾಕುವ ಹಕ್ಕನ್ನು ನೀಡಲಿಲ್ಲ. ಮರುದಿನ ರಾತ್ರಿಯೇ ತುರ್ತು ಪರಿಸ್ಥಿತಿ ಘೋಷಣೆಯಾಯಿತು.

ಉತ್ತರ 3: ನನಗಂತೂ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೈದಿಗಳ ಬಗ್ಗೆ ಅವರಿಗಿದ್ದ ಕಳಕಳಿ. 1948ರಲ್ಲಿ ವಕೀಲರಾಗಿದ್ದಾಗ ಸ್ವತಃ ಸೆರೆಮನೆ ಕಂಡು, ಮುಂದೆ ಸಚಿವರಾಗಿ ಕಾರಾಗೃಹ ಖಾತೆಯನ್ನೂ ನೋಡಿಕೊಂಡಿದ್ದ ಇವರು, ಸುನಿಲ್ ಬಾತ್ರಾ ಪ್ರಕರಣದಲ್ಲಿ ಏಕಾಂತ ಸೆರೆಯ ವಿರುದ್ಧ ಬರೆದರು. ಜಾಮೀನೇ ನಿಯಮ, ಜೈಲು ಅಪವಾದ ಎಂಬ ತತ್ವವನ್ನು 1977ರ ಬಾಲಚಂದ್ ಪ್ರಕರಣದಲ್ಲಿ ಪ್ರತಿಪಾದಿಸಿದವರೂ ಇವರೇ.