ತೊಟ್ಟಿಯಿಂದ ಮೀನು ಹಾರಿ ಬೀಳುತ್ತಿದೆಯಾ? ಮೀನು ವೈದ್ಯರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ, ಅಕ್ವೇರಿಯಂ ಮೀನು ಹೊರಗೆ ಹಾರುವುದು. ತೊಟ್ಟಿಯ ಅಳತೆ, ಮೀನಿನ ಜಾತಿ, ಯಾವ ನೀರು, ಈ ಮೂರನ್ನೂ ಬರೆಯಿರಿ. ಡಾಕ್ಟರ್ ಮೇಡಂ ಸಂಜೆ ಉತ್ತರ ಕೊಡುತ್ತಾರೆ.

ಗಪ್ಪಿ ದಾವಣಗೆರೆ: ಮೇಡಂ ನಮಸ್ಕಾರ. ಎರಡು ಅಡಿ ತೊಟ್ಟಿ, ಗಪ್ಪಿ ಮತ್ತು ಜೀಬ್ರಾ ಡ್ಯಾನಿಯೊ. ಆಗಾಗ ಬೆಳಗ್ಗೆ ಒಂದು ಡ್ಯಾನಿಯೊ ನೆಲದ ಮೇಲೆ ಒಣಗಿ ಬಿದ್ದಿರುತ್ತದೆ. ಮುಚ್ಚಳ ಹಾಕಿದರೆ ಗಾಳಿ ಸಿಗಲ್ಲ ಅಂತಾರೆ, ಹೌದಾ?

ಡಾಕ್ಟರ್: ಇಲ್ಲ. ನೀರಿನ ಮೇಲ್ಮೈ ಅಲುಗುತ್ತಿದ್ದರೆ ಆಮ್ಲಜನಕ ಕರಗುತ್ತದೆ. ಮುಚ್ಚಳದ ಹಿಂದೆ ಪೈಪು, ವೈರ್ ಹೋಗುವ ಸಂದಿ ಇರುತ್ತದಲ್ಲ, ಅಷ್ಟು ಗಾಳಿ ಸಾಕು. ಆದರೆ ಡ್ಯಾನಿಯೊ ಆ ಸಂದಿಯಿಂದಲೇ ಹಾರುತ್ತದೆ. ಅಲ್ಲಿ ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಕಟ್ಟಿ. ಕಬ್ಬಿಣದ್ದು ಬೇಡ, ತುಕ್ಕು ಹಿಡಿಯುತ್ತದೆ. ನೀರನ್ನು ಅಂಚಿನಿಂದ ಎರಡು ಮೂರು ಇಂಚು ಕೆಳಗಿಡಿ.

ಬೆಟ್ಟಾ ಮೈಸೂರು: ಒಂದೇ ಒಂದು ಬೆಟ್ಟಾ, ಬೌಲ್‌ನಲ್ಲಿದೆ. ಅದಕ್ಕೂ ಮುಚ್ಚಳ ಬೇಕಾ? ಚಳಿಗಾಲದಲ್ಲಿ ಹೀಟರ್ ಎಷ್ಟು ವಾಟ್‌ದು ತರಲಿ?

ಡಾಕ್ಟರ್: ಬೇಕು. ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವ ಮೀನು. ನೀರಿಗೂ ಮುಚ್ಚಳಕ್ಕೂ ನಡುವೆ ಒಂದೆರಡು ಇಂಚು ಬಿಡಿ.

ಕರಾವಳಿ ಹುಡುಗ: ಸಿಲ್ವರ್ ಅರೋವಾನಾ ಇತ್ತು, ಮೂರು ಅಡಿ ತೊಟ್ಟಿ. ಮೊನ್ನೆ ಪ್ಲಾಸ್ಟಿಕ್ ಮುಚ್ಚಳ ಎತ್ತಿಕೊಂಡೇ ಹಾರಿ ಸತ್ತಿತು. ಮನೆಗೆ ಬರಬೇಕಿದ್ದ ಗಂಡಾಂತರ ಅದು ತಗೊಂಡು ಹೋಯ್ತು ಅಂತ ಅಮ್ಮ ಹೇಳಿದರು. ಇನ್ನೊಂದು ತರಬೇಕು. ಈ ಸಲ ಯಾವ ಮುಚ್ಚಳ?

ಡಾಕ್ಟರ್: ಇನ್ನೊಂದು ತರಬೇಡಿ. ಅಮೆಜಾನ್‌ನಲ್ಲಿ ನೆರೆ ಬಂದು ಕಾಡು ಮುಳುಗಿದಾಗ ಈ ಮೀನು ಕೊಂಬೆ ಮೇಲಿನ ಹುಳುವನ್ನು ಹಾರಿ ಹಿಡಿಯುತ್ತದೆ. ಹಾರುವುದು ಅದರ ಊಟದ ದಾರಿ. ಜೊತೆಗೆ ಸುಮಾರು ಮೂರು ಅಡಿ ಬೆಳೆಯುತ್ತದೆ. ಮೂರು ಅಡಿ ತೊಟ್ಟಿಯಲ್ಲಿ ತಿರುಗುವುದು ಹೇಗೆ? ದೊಡ್ಡ ತೊಟ್ಟಿ ಕಟ್ಟಿಸುವವರು ದಪ್ಪ ಗಾಜು ಹಾಕಿ ಕ್ಲಿಪ್‌ನಿಂದ ಬಿಗಿಯಬೇಕು. ಸುಮ್ನೆ ಇಟ್ಟ ಮುಚ್ಚಳವನ್ನು ಅದು ಎತ್ತುತ್ತದೆ.

ವಾಸ್ತು ಮಿತ್ರ: ಮೇಡಂ, ನಂಬಿಕೆ ಬಗ್ಗೆ ಏನೂ ಹೇಳಲಿಲ್ಲ. ಅರೋವಾನಾ ಸತ್ತರೆ ದೃಷ್ಟಿ ಹೋಗುತ್ತದೆ ಅನ್ನುವುದು ನಿಜ. ನಮ್ಮ ಮನೆಯಲ್ಲೇ ನೋಡಿದ್ದೇವೆ.

ಕಿಲ್ಲಿ ಶಿವಮೊಗ್ಗ: ದೃಷ್ಟಿ ತೆಗೆಯಲು ನಿಂಬೆಹಣ್ಣು ಇದೆ. ಜೀವ ಇರುವ ಮೀನು ಯಾಕೆ?

ವಾಸ್ತು ಮಿತ್ರ: ಹಿರಿಯರ ಮಾತಿಗೆ ಮರ್ಯಾದೆ ಕೊಡಿ.

ಕಿಲ್ಲಿ ಶಿವಮೊಗ್ಗ: ಹಿರಿಯರು ಅರೋವಾನಾ ಕಂಡೇ ಇರಲಿಲ್ಲ. ಇದು ಅಂಗಡಿಯವರು ಹಬ್ಬಿಸಿದ್ದು. ಸತ್ತಷ್ಟೂ ಅವರಿಗೆ ವ್ಯಾಪಾರ.

ತುಮಕೂರು ಬಾರ್ಬ್: ಮೇಡಂ, ಅರ್ಜೆಂಟ್. ಮೂರು ಅಡಿ ತೊಟ್ಟಿ, ಒಂದೂವರೆ ವರ್ಷದ್ದು. ಟೈಗರ್ ಬಾರ್ಬ್, ಸಿಲ್ವರ್ ಶಾರ್ಕ್. ಇಷ್ಟು ದಿನ ಒಂದೂ ಹಾರಿದ್ದಿಲ್ಲ. ನಿನ್ನೆ ನೀರು ಬದಲಿಸಿದೆ, ರಾತ್ರಿ ನಾಲ್ಕು ಹೊರಗೆ ಬಿದ್ದವು. ಈಗ ಗಾಜು ಮುಚ್ಚಿ ಮೇಲೆ ಭಾರ ಇಟ್ಟಿದ್ದೇನೆ. ಉಳಿದವು ಗಾಜಿಗೆ ಬಡಿದುಕೊಳ್ಳುತ್ತಿವೆ. ಇನ್ನೂ ಭಾರ ಇಡಲಾ?

ಡಾಕ್ಟರ್: ಭಾರದ ಮಾತು ಬಿಡಿ. ಎಷ್ಟು ನೀರು ಬದಲಿಸಿದಿರಿ? ಮೊದಲು ಯಾವ ನೀರು, ಈಗ ಯಾವ ನೀರು? ಕಿವಿರು ಕೆಂಪಾಗಿದೆಯಾ? ಅಮೋನಿಯಾ (ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ) ಮತ್ತು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಪರೀಕ್ಷೆ ಮಾಡಿಸಿ, ಈಗಲೇ.

ಹೋಮ್ ರೆಮಿಡಿ: ತೊಟ್ಟಿ ಅಂಚಿಗೆ ಬೇವಿನ ಎಣ್ಣೆ ಸವರಿದರೆ ಮೀನು ಮೇಲೆ ಬರಲ್ಲ. ಬಿದ್ದ ಮೀನಿಗೆ ಅರಿಶಿನ ಹಚ್ಚಿ ಬಿಡಿ. ವಾಟ್ಸಾಪ್‌ನಲ್ಲಿ ಬಂದಿದ್ದು, ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಎಣ್ಣೆ ನೀರಿನ ಮೇಲೆ ಪದರ ಕಟ್ಟಿ ಆಮ್ಲಜನಕ ಕರಗುವುದನ್ನು ತಡೆಯುತ್ತದೆ. ಅರಿಶಿನದ ಪುಡಿ ಕಿವಿರಿಗೆ ಮೆತ್ತಿಕೊಳ್ಳುತ್ತದೆ. ಬಿದ್ದ ಮೀನಿನ ಕಿವಿರು ಅಲುಗುತ್ತಿದ್ದರೆ ಕೈ ಒದ್ದೆ ಮಾಡಿಕೊಂಡು ಎತ್ತಿ. ಬಟ್ಟೆಯಿಂದ ಒರೆಸಬೇಡಿ, ಮೈಮೇಲಿನ ಲೋಳೆ ಹೋಗುತ್ತದೆ. ತೊಟ್ಟಿಯದೇ ನೀರು ತುಂಬಿದ ಬಕೆಟ್‌ಗೆ ಬಿಟ್ಟು ಏರ್ ಸ್ಟೋನ್ (ಪಂಪ್‌ನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ, ಲೈಟ್ ಆರಿಸಿ. ಲೀಟರ್‌ಗೆ 1 ಗ್ರಾಂ ಕಲ್ಲುಪ್ಪು ಸಾಕು.

ಹೋಮ್ ರೆಮಿಡಿ: ಅರಿಶಿನದಲ್ಲಿ ಔಷಧಿ ಗುಣ ಇಲ್ಲ ಅಂತೀರಾ?

ತುಮಕೂರು ಬಾರ್ಬ್: ಮೇಡಂ, ಅರ್ಧಕ್ಕಿಂತ ಜಾಸ್ತಿ ಬದಲಿಸಿದೆ. ಇಷ್ಟು ದಿನ ಆರ್‌ಓ ನೀರು. ಮಷೀನ್ ಕೆಟ್ಟಿತ್ತು, ಅದಕ್ಕೆ ಬೋರ್‌ವೆಲ್ ನೀರು ಹಾಕಿದೆ. ಕಿವಿರು ಕೆಂಪಾಗಿದೆ. ಈಗ ಪಿಎಚ್ 8, ಅಮೋನಿಯಾ ಲೀಟರ್‌ಗೆ 2 ಮಿಲಿಗ್ರಾಂ. ಫಿಲ್ಟರ್ ಚೆನ್ನಾಗಿಯೇ ಓಡುತ್ತಿದೆ.

ಡಾಕ್ಟರ್: ಇದನ್ನು ಎಲ್ಲರೂ ಓದಿ. ಆರ್‌ಓ ನೀರಿನಲ್ಲಿ ಖನಿಜ ಇಲ್ಲ, ಪಿಎಚ್ ಹಿಡಿದಿಡುವ ಶಕ್ತಿಯೂ ಇಲ್ಲ. ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದು ಪಿಎಚ್ ಇಳಿದಿರುತ್ತದೆ, ಬಹುಶಃ 6.5ಕ್ಕೋ ಅದಕ್ಕೂ ಕೆಳಗೋ. ಅಷ್ಟು ಇಳಿದಾಗ ಬ್ಯಾಕ್ಟೀರಿಯಾವೂ ಮಂದವಾಗುತ್ತದೆ, ಅಮೋನಿಯಾ ಕೂಡುತ್ತಾ ಹೋಗುತ್ತದೆ. ಆದರೂ ಮೀನು ಆರಾಮಾಗಿ ಕಾಣುತ್ತದೆ. ಯಾಕೆಂದರೆ ಆ ಪಿಎಚ್‌ನಲ್ಲಿ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅದರ ವಿಷ ತೀರಾ ಕಡಿಮೆ. ವಿಷದ ಅಮೋನಿಯಾ ಸಾವಿರಕ್ಕೆ ಎರಡು ಪಾಲು ಇದ್ದರೆ ಹೆಚ್ಚು.

ನೀವು ಒಂದೇ ಸಲ ಗಡಸು ಬೋರ್ ನೀರು ಸುರಿದು ಪಿಎಚ್ 8ಕ್ಕೆ ಏರಿಸಿದಿರಿ. ನಮ್ಮ ಬಿಸಿಲಿನ ನೀರಿನಲ್ಲಿ ಪಿಎಚ್ 8 ಇದ್ದರೆ ವಿಷದ ಪಾಲು ನೂರಕ್ಕೆ ಆರರ ಹತ್ತಿರ. ನಿಮ್ಮ 2 ಮಿಲಿಗ್ರಾಂನಲ್ಲಿ ಅದು 0.12. 0.05 ಆದರೇ ಕಿವಿರಿಗೆ ಪೆಟ್ಟು. ಮೀನು ಉರಿ ತಾಳಲಾರದೆ ಹೊರಗೆ ಹಾರಿದೆ. ನೆಲದಿಂದ ಬಂದ ಬೋರ್ ನೀರಿನಲ್ಲಿ ಆಮ್ಲಜನಕವೂ ಸಾಮಾನ್ಯವಾಗಿ ಕಡಿಮೆ. ನೀವು ಮುಚ್ಚಳ ಹಾಕಿ ಅವನ್ನು ಅದೇ ನೀರಿನೊಳಗೆ ಕೂಡಿ ಹಾಕಿದ್ದೀರಿ. ಮುಚ್ಚಳ ತೆಗೆಯಬೇಡಿ, ಆದರೆ ನೀರು ಸರಿ ಮಾಡಿ.

ಎರಡು ದಿನ ಊಟ ಬೇಡ. ಏರ್ ಪಂಪ್ ಜೋರಾಗಿ ಓಡಲಿ. ಅಮೋನಿಯಾ ಹಿಡಿಯುವ ಕಂಡಿಷನರ್ ಅಂಗಡಿಯಲ್ಲಿ ಸಿಗುತ್ತದೆ, ಇವತ್ತೇ ಹಾಕಿ. ಈಗ ತೊಟ್ಟಿಯೂ ಬೋರ್ ನೀರೂ ಒಂದೇ ಪಿಎಚ್‌ಗೆ ಬಂದಿರುವುದರಿಂದ ಬೋರ್ ನೀರನ್ನೇ ಡ್ರಮ್‌ನಲ್ಲಿ ರಾತ್ರಿಯಿಡೀ ಏರ್ ಸ್ಟೋನ್ ಹಾಕಿಟ್ಟು, ದಿನಕ್ಕೆ ಕಾಲು ಭಾಗ ಬದಲಿಸಿ. ಮತ್ತೆ ಆರ್‌ಓಗೆ ಹೋಗಬೇಡಿ. ಫಿಲ್ಟರ್ ಸ್ಪಂಜು ತೊಳೆಯಬೇಡಿ, ಆ ಬ್ಯಾಕ್ಟೀರಿಯಾ ಇರುವುದು ಅಲ್ಲೇ.

ಹೋಮ್ ರೆಮಿಡಿ: ಪಿಎಚ್ ಇಳಿಸಲು ನಿಂಬೆರಸ ಹಿಂಡಿದರೆ ಆಯ್ತಲ್ಲ.

ಡಾಕ್ಟರ್: ಹಿಂಡಬೇಡಿ. ಗಡಸು ನೀರಿನಲ್ಲಿ ಪಿಎಚ್ ಇಳಿದು ಮತ್ತೆ ಏರುತ್ತದೆ. ಆ ಏರಿಳಿತವೇ ಉಳಿದ ಮೀನುಗಳನ್ನು ಕೊಲ್ಲುತ್ತದೆ. ತುಮಕೂರಿನವರೇ, ದಯವಿಟ್ಟು ಇವರ ಮಾತು ಕೇಳಬೇಡಿ.

ಹೋಮ್ ರೆಮಿಡಿ: ಓದಿದವರಿಗೆ ಅಹಂಕಾರ.

ಕಿಲ್ಲಿ ಶಿವಮೊಗ್ಗ: ಅವರು ಸಂಜೆಯಿಂದ ಬಿಟ್ಟಿ ಸಲಹೆ ಕೊಡುತ್ತಿದ್ದಾರೆ. ನೀವು ಫಾರ್ವರ್ಡ್ ಕೊಡುತ್ತಿದ್ದೀರಿ.

ರಾಜಾಜಿನಗರ ಟೆಟ್ರಾ: ಮುಚ್ಚಳ ಹಾಕಿದರೆ ಗಾಳಿ ಸಿಗುತ್ತಾ?

ಡಾಕ್ಟರ್: ಮೇಲಿದೆ, ಓದಿ.

ರಾಜಾಜಿನಗರ ಟೆಟ್ರಾ: ಸರಿ. ನಮ್ಮದು ಕಾವೇರಿ ನೀರು. ತೊಟ್ಟಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ. ಮೀನು ಹಾರುವುದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಡಾಕ್ಟರ್: ಮತ್ತೆ ಕೈ ಹಾಕಬೇಡಿ! ಹೀಟರ್ ಅಥವಾ ಪಂಪ್‌ನಿಂದ ಕರೆಂಟ್ ಸೋರುತ್ತಿದೆ. ಮೇನ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಕರೆಸಿ. ಅರ್ಥಿಂಗ್ ಮತ್ತು ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಇಲ್ಲದೆ ಮತ್ತೆ ಹಾಕಬೇಡಿ. ಮೀನಿನ ಮಾತು ಆಮೇಲೆ. ಮನೆಯಲ್ಲಿ ಮಕ್ಕಳಿದ್ದರೆ ಈಗಲೇ ದೂರ ಕರೆದುಕೊಳ್ಳಿ.

ಗಪ್ಪಿ ದಾವಣಗೆರೆ: ಪಾಲಿಕಾರ್ಬನೇಟ್ ಶೀಟ್ ಮುಚ್ಚಳಕ್ಕೆ ಆಗುತ್ತಾ? ಅಕ್ರಿಲಿಕ್ ಬಾಗಿಬಿಟ್ಟಿತು.

ಬೆಟ್ಟಾ ಮೈಸೂರು: ಹೀಟರ್ ಎಷ್ಟು ವಾಟ್ ಅಂತ ಕೇಳಿದ್ದೆ...

ವಾಸ್ತು ಮಿತ್ರ: ನಾನು ಗುಂಪು ಬಿಡುತ್ತಿದ್ದೇನೆ.

ಅಡ್ಮಿನ್: ಜಗಳ ಸಾಕು. ಇನ್ನೊಂದು ಫಾರ್ವರ್ಡ್ ಬಂದರೆ ತೆಗೆದು ಹಾಕುತ್ತೇನೆ.

ತುಮಕೂರು ಬಾರ್ಬ್: ಮೇಡಂ, ಬೆಳಗ್ಗೆ ನೋಡಿದೆ. ಕಂಡಿಷನರ್ ಹಾಕಿ ಕಾಲು ಭಾಗ ಬದಲಿಸಿದ್ದೆ. ಅಮೋನಿಯಾ 1.5. ಒಂದು ಸಿಲ್ವರ್ ಶಾರ್ಕ್ ರಾತ್ರಿ ಸತ್ತಿದೆ. ಉಳಿದವು ಬಡಿದುಕೊಳ್ಳುವುದು ನಿಂತಿದೆ, ಊಟ ಕೇಳುತ್ತಿವೆ. ಸ್ವಲ್ಪ ಹಾಕಲಾ?

ಡಾಕ್ಟರ್: ಬೇಡ. ಹಾಕಿದ್ದೆಲ್ಲ ಮತ್ತೆ ಅಮೋನಿಯಾ ಆಗುತ್ತದೆ. ಸತ್ತ ಮೀನು ತೆಗೆದಿರಲ್ಲ? ಇವತ್ತೂ ಕಾಲು ಭಾಗ ಬದಲಿಸಿ. ಕಂಡಿಷನರ್ ಹಾಕಿದ ಮೇಲೂ ಕೆಲವು ಕಿಟ್‌ಗಳು ಹಿಡಿದಿಟ್ಟ ಅಮೋನಿಯಾವನ್ನೂ ಸೇರಿಸಿ ತೋರಿಸುತ್ತವೆ. ಅದಕ್ಕೆ ಸಂಖ್ಯೆಯ ಜೊತೆ ಕಿವಿರಿನ ಬಣ್ಣವನ್ನೂ ನೋಡಿ. ಸಂಜೆ ಕಿವಿರಿನ ಫೋಟೋ ನನಗೆ ಕಳಿಸಿ.