60ರ ದಶಕದ ಪೀಸ್ ಕೋರ್ ಸ್ವಯಂಸೇವಕರು ನಮ್ಮೂರಲ್ಲಿ ಮತ್ತೆ ಸೇರುತ್ತಿದ್ದಾರೆ: ವೀಸಾ, ವಸತಿ, ದೇಣಿಗೆ ಹೇಗೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 1960ರ ದಶಕದ ಕೊನೆಯಲ್ಲಿ ಕೋಳಿ ಸಾಕಣೆ ಕಲಿಸಲು ಆಗಿನ ಮೈಸೂರು ರಾಜ್ಯಕ್ಕೆ ಬಂದಿದ್ದ ಪೀಸ್ ಕೋರ್ (ಬೇರೆ ದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ) ತಂಡವೊಂದರ ಹದಿನಾಲ್ಕು ಮಂದಿ ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನಲ್ಲಿ ಒಟ್ಟಿಗೆ ಸೇರಬೇಕೆಂದಿದ್ದಾರೆ. ಎಲ್ಲರಿಗೂ ಎಂಬತ್ತರ ಆಸುಪಾಸು. ಮೂರು ದಿನದ ಕಾರ್ಯಕ್ರಮ. ಕೆಲವರು ಊರಿನ ಮನೆಗಳಲ್ಲೇ ಉಳಿಯುವ ಆಸೆ ಹೇಳಿದ್ದಾರೆ, ಶಾಲೆಗೆ ಏನಾದರೂ ಕೊಡಬೇಕೆಂದೂ ಇದ್ದಾರೆ. ಡಿಸೆಂಬರ್ ಕೊನೆ ಆಗಬಹುದೇ? ಕಾಗದಪತ್ರದ ಕೆಲಸ ಎಲ್ಲಿಂದ ಶುರು ಮಾಡಬೇಕು?

ಕಡೂರು ಜಂಕ್ಷನ್:
ವೀಸಾದಿಂದ ಶುರು ಮಾಡಿ. ಸ್ನೇಹಿತರನ್ನು ಕಾಣಲು, ಊರು ನೋಡಲು ಇ-ಟೂರಿಸ್ಟ್ ವೀಸಾ ಸಾಕು. 30 ದಿನದ್ದಕ್ಕೆ ಬರುವ 30 ದಿನ ಮುಂಚಿನಿಂದ ಮಾತ್ರ ಅರ್ಜಿ ಹಾಕಬಹುದು. ಒಂದು ವರ್ಷದ್ದಕ್ಕೆ 120 ದಿನ ಮುಂಚಿನಿಂದ ಹಾಕಬಹುದು, ಹಾಗಾಗಿ ಎಲ್ಲರೂ ಒಂದು ವರ್ಷದ್ದನ್ನೇ ತೆಗೆದುಕೊಳ್ಳಲಿ. ಏನಾದರೂ ತಪ್ಪಾದರೆ ಮತ್ತೆ ಅರ್ಜಿ ಹಾಕಲು ಸಮಯ ಇರುತ್ತದೆ. ಸರ್ಕಾರಿ ತಾಣದ ವಿಳಾಸ ಗವ್ ಡಾಟ್ ಇನ್ ಎಂದೇ ಮುಗಿಯಬೇಕು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವುದರಲ್ಲಿ ದುಪ್ಪಟ್ಟು ದುಡ್ಡು ಕೀಳುವ ಖಾಸಗಿ ತಾಣಗಳೇ ಹೆಚ್ಚು, ವಯಸ್ಸಾದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಸರಿಯಾದ ಕೊಂಡಿಯನ್ನು ನೀವೇ ಕಳಿಸಿಬಿಡಿ.

ಅರ್ಜಿ ನಿಂತುಹೋಗುವುದು ಸಣ್ಣಪುಟ್ಟ ವಿಷಯಕ್ಕೆ. ಪಾಸ್‌ಪೋರ್ಟ್‌ನಲ್ಲಿರುವ ನಡುವಿನ ಹೆಸರು ಬಿಟ್ಟುಹೋಗುವುದು, ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬರುವುದು, ಫೋಟೋ ಚೌಕಾಕಾರ ಇಲ್ಲದಿರುವುದು, ಪಾಸ್‌ಪೋರ್ಟ್ ಪುಟದ ಪಿಡಿಎಫ್ 300 ಕೆಬಿ ದಾಟುವುದು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳು ಅವಧಿ ಇರಬೇಕು. ‘ಹಿಂದೆ ಭಾರತಕ್ಕೆ ಬಂದಿದ್ದೀರಾ’ ಎಂಬ ಪ್ರಶ್ನೆ ಇವರಿಗೆ ತೊಡಕು, ಏಕೆಂದರೆ ಹೌದು ಎಂದರೆ ಹಳೆ ವೀಸಾ ಸಂಖ್ಯೆ, ಇದ್ದ ಊರು ಎಲ್ಲ ಕೇಳುತ್ತದೆ. ಇಲ್ಲ ಎಂದು ಬರೆಯುವುದು ಸುಳ್ಳಾಗುತ್ತದೆ. ಹಳೆ ಪಾಸ್‌ಪೋರ್ಟ್‌ಗಳನ್ನು ಈಗಲೇ ಹುಡುಕಿ ಇಡಲು ಹೇಳಿ, ಸಿಗದವರು ಅರ್ಜಿ ತುಂಬುವ ಮೊದಲೇ ವೀಸಾ ಸಹಾಯ ಕೇಂದ್ರಕ್ಕೆ ಇಮೇಲ್ ಮಾಡಲಿ. ಭಾರತದಲ್ಲಿ ಪರಿಚಿತರು ಎಂಬಲ್ಲಿ ಹದಿನಾಲ್ಕೂ ಜನ ಒಂದೇ ಹೆಸರು, ಒಂದೇ ವಿಳಾಸ ಕೊಟ್ಟರೆ ಒಳ್ಳೆಯದು. ವಿಮಾನ ಇಳಿಯುವುದಕ್ಕೆ ಮುಂಚಿನ 72 ಗಂಟೆಯೊಳಗೆ ಇ-ಅರೈವಲ್ ಕಾರ್ಡ್ (ಆನ್‌ಲೈನ್ ಆಗಮನ ಚೀಟಿ) ಬೇರೆ ತುಂಬಬೇಕು, ಅದಕ್ಕೆ ದುಡ್ಡಿಲ್ಲ.

ಸ್ಯಾಟಲೈಟ್ ಫೋನ್ ಅಥವಾ ಚಾರಣಿಗರು ಇಟ್ಟುಕೊಳ್ಳುವ ಸ್ಯಾಟಲೈಟ್ ಮೆಸೆಂಜರ್ ತರಲೇಬಾರದು. ಅನುಮತಿ ಇಲ್ಲದೆ ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ಪೊಲೀಸ್ ಕೇಸ್. ಡ್ರೋನ್ ಕೂಡ ಬೇಡ.

ಹೋಂಸ್ಟೇ ಸಾಗರ:
ಮನೆಯಲ್ಲಿ ಉಳಿಸಿಕೊಳ್ಳುವವರು ಗಮನಿಸಬೇಕಾದ್ದು ಫಾರ್ಮ್ ಸಿ ಎಂದು ಎಲ್ಲರೂ ಕರೆಯುವ ವರದಿ. ವಿದೇಶಿಯರು ಬಂದು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಲಾಡ್ಜ್‌ಗೆ ಮಾತ್ರ ಅಂದುಕೊಳ್ಳುತ್ತಾರೆ, ಬಾಡಿಗೆ ಪಡೆಯದ ಮನೆಯವರಿಗೂ ಅದು ಅನ್ವಯಿಸುತ್ತದೆ. ಇದಕ್ಕೆ ಬೇಕಾದ ಯೂಸರ್ ಐಡಿಗೆ ಪೊಲೀಸ್ ಕಡೆಯಿಂದ ಒಪ್ಪಿಗೆ ಬರಬೇಕು, ಅದೇ ದಿನ ಆಗುವ ಕೆಲಸ ಅಲ್ಲ. ತಿಂಗಳು ಮುಂಚೆಯೇ ಎಸ್‌ಪಿ ಕಚೇರಿಯ ವಿದೇಶಿಯರ ವಿಭಾಗದಲ್ಲಿ ಮಾತಾಡಿ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದರೆ ಅಲ್ಲಿಂದ ಮತ್ತೆ ಹೊಸ ವರದಿ.

ನಮ್ಮ ಅಭಿಪ್ರಾಯ ಕೇಳಿದರೆ, ರಾತ್ರಿ ಎಲ್ಲರೂ ಒಂದೇ ಕಡೆ ಮಲಗಲಿ, ಹಗಲು ಬೇಕಾದ ಮನೆಗೆ ಊಟಕ್ಕೆ ಹೋಗಲಿ. ವರದಿ ಒಬ್ಬರ ಜವಾಬ್ದಾರಿ ಆಗುತ್ತದೆ. ಅದಕ್ಕಿಂತ ಮುಖ್ಯ, ಐವತ್ತು ವರ್ಷದ ಮಾತು ರಾತ್ರಿ ಊಟದ ನಂತರವೇ ಹೊರಬರುವುದು, ಆಗ ಅವರವರು ಜೊತೆಯಲ್ಲಿರಬೇಕು. ನೆಲಮಟ್ಟದ ಕೋಣೆ, ಕಮೋಡ್, ಬಚ್ಚಲಲ್ಲಿ ಗೋಡೆಗೆ ಹಿಡಿಕೆ, ರಾತ್ರಿ ಉರಿಯುವ ಸಣ್ಣ ದೀಪ, ಇಷ್ಟನ್ನು ನೀವೇ ಹೋಗಿ ನೋಡಿ ಬನ್ನಿ.

ತುಂಗಾತೀರ:
ತುಂಬಾ ಉಪಕಾರ. ಶಾಲೆಗೆ ಕೊಡುವ ಹಣವನ್ನು ನಮ್ಮ ಸಮಿತಿಯ ಖಾತೆಗೆ ಹಾಕಿಸಿಕೊಂಡು ನಾವೇ ಖರ್ಚು ಮಾಡಬಹುದಲ್ಲವೇ?

ಲೆಕ್ಕಪತ್ರ ಮೈಸೂರು:
ದಯವಿಟ್ಟು ಹಾಗೆ ಮಾಡಬೇಡಿ. ವಿದೇಶಿ ಪ್ರಜೆ ಸಂಘಕ್ಕೋ ಟ್ರಸ್ಟ್‌ಗೋ ಕೊಡುವ ದೇಣಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಯ ಅಡಿ ವಿದೇಶಿ ದೇಣಿಗೆ. ಇಲ್ಲೇ ಎಟಿಎಂನಲ್ಲಿ ರೂಪಾಯಿ ತೆಗೆದು ಕೈಗೆ ಕೊಟ್ಟರೂ ಅದು ವಿದೇಶಿ ದೇಣಿಗೆಯೇ, ಕಾಯ್ದೆ ನೋಡುವುದು ಕೊಟ್ಟವರು ಯಾರು ಎಂಬುದನ್ನು. ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಮಿತಿ ಪಡೆದರೆ ಅಪರಾಧ. ನೋಂದಣಿ ಇರುವ ಬೇರೆ ಸಂಸ್ಥೆಗೆ ಹಾಕಿಸಿ ನಿಮಗೆ ವರ್ಗಾಯಿಸಿಕೊಳ್ಳುವ ಹಳೆಯ ದಾರಿಯನ್ನು 2020ರ ತಿದ್ದುಪಡಿ ಮುಚ್ಚಿದೆ.

ಸರಿಯಾದ ದಾರಿ ಇದೆ. ನೋಂದಣಿ ಇರುವ, ಆ ಕೆಲಸವನ್ನು ತಾನೇ ಮಾಡುವ ಸಂಸ್ಥೆಗೆ ಅತಿಥಿಗಳು ನೇರವಾಗಿ ಕೊಡಲಿ. ಅಂಥ ಸಂಸ್ಥೆ ವಿದೇಶಿ ಹಣ ಪಡೆಯುವುದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಸ್ಥಳೀಯ ಬ್ಯಾಂಕಿನ ಖಾತೆ ಕೊಟ್ಟರೆ ಅನುಮಾನಪಡಿ. ಸರ್ಕಾರಿ ಶಾಲೆಗೇ ಕೊಡಬೇಕೆಂದರೆ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಲಿಖಿತ ಉತ್ತರ ತೆಗೆದುಕೊಳ್ಳಿ.

ಊಟ, ಬಸ್ಸು, ಸಮುದಾಯ ಭವನದ ಖರ್ಚು ಬೇರೆ ವಿಷಯ. ಅದು ಸೇವೆಗೆ ಕೊಡುವ ಹಣ, ದೇಣಿಗೆ ಅಲ್ಲ. ಅಡುಗೆಯವರು, ಬಸ್ಸಿನವರು ಅತಿಥಿಗಳ ಹೆಸರಿಗೇ ಬಿಲ್ ಬರೆಯಲಿ, ಅವರೇ ನೇರ ಕೊಡಲಿ. ಸಮಿತಿಯ ಖಾತೆ ನಡುವೆ ಬರುವುದೇ ಬೇಡ.

ಆಗುಂಬೆ ಮಳೆ:
ಡಿಸೆಂಬರ್ ಕೊನೆ ಬೇಡ ಎನ್ನುತ್ತೇನೆ. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ ತನಕ. ಅದನ್ನು ಹರಡುವ ಮರಿ ಉಣುಗು ಒಣ ದಿನಗಳಲ್ಲಿ ದರಗಿನಲ್ಲಿ ಹೆಚ್ಚುತ್ತದೆ, ಇವರು ಹಳೆಯ ಕಾಲುದಾರಿ ನೋಡಲು ಕಾಡಂಚಿಗೆ ಹೋಗಿಯೇ ಹೋಗುತ್ತಾರೆ. ನವೆಂಬರ್ ಮೊದಲೆರಡು ವಾರ ಒಳ್ಳೆಯದು. ನಾಲ್ಕನೇ ಗುರುವಾರ ಅವರ ಥ್ಯಾಂಕ್ಸ್‌ಗಿವಿಂಗ್, ಅಷ್ಟರಲ್ಲಿ ಮನೆ ಸೇರಬೇಕೆನ್ನುತ್ತಾರೆ. ಆಗಲೂ ಕಾಡಿನ ಕಡೆ ಹೋಗುವವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಕೇಳಿ, ಉದ್ದ ತೋಳಿನ ಅಂಗಿ ಹಾಕಿಸಿ.

ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಆಸ್ಪತ್ರೆ ಖರ್ಚು ಕೊಡುವುದಿಲ್ಲ. ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ಪ್ರಯಾಣ ವಿಮೆ ಬೇಕೇ ಬೇಕು. ಬೆಂಗಳೂರಲ್ಲಿ ಇಳಿದವರನ್ನು ಅದೇ ದಿನ ಬಸ್ಸು ಹತ್ತಿಸಬೇಡಿ. ಎರಡು ರಾತ್ರಿ ಅಲ್ಲೇ ಇರಲಿ, ತಂಡದವರು ಮೊದಲು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿ. ನಂತರ ತಿಪಟೂರು, ಅರಸೀಕೆರೆ ದಾರಿಯಲ್ಲಿ ನಿಲ್ಲಿಸುತ್ತ ಬನ್ನಿ.

ಹಳೇ ಸ್ಲೈಡು:
ಕಾಗದದ ಕೆಲಸದಷ್ಟೇ ಹೊತ್ತು ಫೋಟೋಗಳಿಗೂ ಕೊಡಿ. ಇವರಲ್ಲಿ ಹಲವರ ಅಟ್ಟದ ಮೇಲೆ 35 ಎಂಎಂ ಸ್ಲೈಡ್‌ಗಳ ಡಬ್ಬಿ ಇರುತ್ತದೆ. 3000 ಡಿಪಿಐ ಸುಮಾರಿಗೆ ಸ್ಕ್ಯಾನ್ ಮಾಡಿಸಿ, ಎರಡು ತಿಂಗಳು ಮುಂಚೆ ಕಳಿಸಲು ಹೇಳಿ. ನೀವು ಎ4 ಅಳತೆಯಲ್ಲಿ ಮುದ್ರಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಊರಿನ ಹಿರಿಯರ ಮನೆಮನೆಗೆ ಒಯ್ಯಿರಿ. ಇವರು ಯಾರ ಮಗ, ಈಗ ಎಲ್ಲಿದ್ದಾರೆ ಎಂದು ಹಿಂದೆ ಬರೆದುಕೊಳ್ಳಿ. ಫೋಟೋದಲ್ಲಿದ್ದವರು ತೀರಿಹೋಗಿದ್ದರೆ ಆ ಮನೆಯವರನ್ನು ಕರೆಯಿರಿ, ಸುದ್ದಿಯನ್ನು ಅತಿಥಿಗಳಿಗೆ ಬರುವ ಮೊದಲೇ ತಿಳಿಸಿ. ವೇದಿಕೆಯ ಮೇಲೆ ಮೈಕಿನಲ್ಲಿ ಅದು ಗೊತ್ತಾಗಬಾರದು.

ಊರು ಹುಡುಕುವಾಗ ಅವರ ಪತ್ರಗಳಲ್ಲಿ ‘ಮೈಸೂರು ರಾಜ್ಯ, ಶಿಮೊಗ’ ಎಂದೇ ಇರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರಲ್ಲಿ. ಪೀಸ್ ಕೋರ್‌ನವರು ತಂಡವನ್ನು ‘ಇಂಡಿಯಾ’ ಪಕ್ಕದ ಸಂಖ್ಯೆಯಿಂದ ಗುರುತಿಸುತ್ತಾರೆ, ಆ ಸಂಖ್ಯೆ ಕೇಳಿಟ್ಟುಕೊಳ್ಳಿ. ಸಂಪರ್ಕ ತಪ್ಪಿದ ಜೊತೆಗಾರರನ್ನು ಅದರಿಂದಲೇ ಪತ್ತೆ ಮಾಡಬಹುದು. ಬಾಸ್ಟನ್ನಿನ ಕೆನೆಡಿ ಗ್ರಂಥಾಲಯದಲ್ಲಿ ಹಿಂದಿರುಗಿದ ಸ್ವಯಂಸೇವಕರ ಧ್ವನಿಮುದ್ರಿತ ಸಂದರ್ಶನಗಳ ಸಂಗ್ರಹವೂ ಇದೆ.

ಸನ್ಮಾನ ಚಿಕ್ಕದಾಗಿರಲಿ. ಹದಿನಾಲ್ಕು ಜನರಿಗೆ ಪೇಟ, ಶಾಲು, ಐದೈದು ನಿಮಿಷ ಮಾತು ಎಂದರೆ ಎರಡು ಗಂಟೆ ಬಿಸಿಲಲ್ಲಿ ಕುರ್ಚಿ. ಅದರ ಬದಲು ಭವನದ ಗೋಡೆಗೆ ಫೋಟೋ ಅಂಟಿಸಿ, ಕೆಳಗೆ ಬೆಂಚು ಹಾಕಿ. ಕಿವಿ ಮಂದವಾದವರಿಗೆ ಗದ್ದಲದಲ್ಲಿ ಏನೂ ಕೇಳದು, ಧ್ವನಿವರ್ಧಕದಲ್ಲಿ ಹಾಡು ಬೇಡ.

ಬರಲಾಗದವರಿಗೆ ವಿಡಿಯೊ ಕರೆ ಇಡುವುದಾದರೆ ನಮ್ಮ ಬೆಳಿಗ್ಗೆ 7.30 ಸೂಕ್ತ. ನ್ಯೂಯಾರ್ಕ್‌ನಲ್ಲಿ ಹಿಂದಿನ ರಾತ್ರಿ 9, ಕ್ಯಾಲಿಫೋರ್ನಿಯಾದಲ್ಲಿ ಸಂಜೆ 6. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಈ ಲೆಕ್ಕ ಅದರ ನಂತರದ ದಿನಗಳಿಗೆ.